ಹೇಳದೆ ಬಿಟ್ಟ ದಾರಿಗಳು

ಫಕೀರವ್ವ ದಿನಕ್ಕೆ ಇನ್ನೂರು ರೊಟ್ಟಿ ಬಡಿಯುತ್ತಿದ್ದಳು. ಮಧ್ಯಾಹ್ನಕ್ಕೆ ನೂರು, ಸಂಜೆಗೆ ನೂರು. ಕುದಿಯುವ ಎಸರಿಗೆ ಜೋಳದ ಹಿಟ್ಟು ಸುರಿದು ಕೈ ಸುಡುತ್ತಿರುವಾಗಲೇ ನಾದಬೇಕು. ಆರಿದರೆ ಹಿಟ್ಟು ಬಿರಿಯುತ್ತದೆ. ಆಮೇಲೆ ಕಲ್ಲಿನ ಮೇಲಿಟ್ಟು ಬಡಿಯಬೇಕು. ಬಡಿಯುವುದು ಕೈ ಒಂದೇ ಅಲ್ಲ. ಹೆಗಲು ಬಡಿಯುತ್ತದೆ, ಸೊಂಟ ಬಡಿಯುತ್ತದೆ, ಕಿಬ್ಬೊಟ್ಟೆ ಬಡಿಯುತ್ತದೆ. ರೊಟ್ಟಿ ತಿನ್ನುವವರಿಗೆ ಇದು ಗೊತ್ತಾಗುವುದಿಲ್ಲ. ರೊಟ್ಟಿಗೆ ಗೊತ್ತಿರುತ್ತದೆ.

ಅಹಮದಾಬಾದಿನ ಬೋಡಕ್‌ದೇವ್‌ನಲ್ಲಿ ಸಿದ್ದಲಿಂಗಪ್ಪನವರ ಖಾನಾವಳಿ. ಮೊದಲ ಮಹಡಿಯ ಹಾಲಿನಲ್ಲಿ ಉದ್ದನೆಯ ಬೆಂಚು, ಹಿಂದೆ ಅಡುಗೆಮನೆ, ಅದರ ಹಿಂದೆ ಒಂದು ಬಾಲ್ಕನಿ. ಕರ್ನಾಟಕದಿಂದ ಬಂದು ಓದುವವರು, ಸಣ್ಣ ದೊಡ್ಡ ನೌಕರಿ ಮಾಡುವವರು ಉಣ್ಣಲು ಬರುತ್ತಿದ್ದರು. ವಾರವೆಲ್ಲ ಸಿಹಿ ದಾಲ್ ಉಂಡು ಬೇಸತ್ತವರು ಎಣಗಾಯಿ, ರೊಟ್ಟಿ ಕಂಡರೆ ಕಣ್ಣಲ್ಲಿ ನೀರು ತಂದುಕೊಳ್ಳುತ್ತಿದ್ದರು. "ಸುಭದ್ರಕ್ಕಾರ ಕೈ ಅಂದ್ರ ಕೈರೀ" ಅನ್ನುತ್ತಿದ್ದರು. ಸುಭದ್ರಕ್ಕ ಸಿದ್ದಲಿಂಗಪ್ಪನವರ ಹೆಂಡತಿ. ನಗುತ್ತ ಬೆಣ್ಣೆ ಬಡಿಸುತ್ತಿದ್ದಳು. ಫಕೀರವ್ವನ ಕೈಯನ್ನು ಅವರು ಯಾರೂ ನೋಡಿರಲಿಲ್ಲ.

ಶಿರಹಟ್ಟಿ ಕಡೆಯವಳು ಫಕೀರವ್ವ. ಮೂವತ್ತೇಳರ ವಯಸ್ಸು. ಒಬ್ಬಳೇ ಮಗಳು, ಮದುವೆಯಾಗಿ ಊರಿನಲ್ಲೇ ಇದ್ದಳು. ಗಂಡ ಗಣಪತಿ ಸೂರತ್ತಿನ ಹಜೀರಾದಲ್ಲಿ ವೆಲ್ಡಿಂಗ್ ಕೆಲಸಕ್ಕಿದ್ದ, ತಿಂಗಳಿಗೊಮ್ಮೆ ಬರುತ್ತಿದ್ದ. ಅವಳ ಜೊತೆ ಎರಡನೆಯ ಒಲೆಗೆ ಸವಣೂರಿನ ಜಯಾ ಇದ್ದಳು. ಒಬ್ಬಳು ಹೊರಗಾದರೆ ಇನ್ನೊಬ್ಬಳು ಎರಡೂ ಒಲೆ ನೋಡಬೇಕು.

ಹೊರಗಾಗುವುದು ಅಂದರೆ ಬಾಲ್ಕನಿ. ಒಂದು ಗೋಣಿಚೀಲ, ಒಂದು ತಟ್ಟೆ, ಒಂದು ಚೊಂಬು. ನಾಲ್ಕು ದಿನ ಅಡುಗೆಮನೆಯ ಹೊಸ್ತಿಲು ದಾಟುವಂತಿಲ್ಲ. ಕೂಲಿಯೂ ಇಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ಸುಭದ್ರಕ್ಕ ಪೆನ್ಸಿಲಿನಿಂದ ಗೀರು ಹಾಕುತ್ತಿದ್ದಳು. ಫಕೀರವ್ವನದು ಒಂದು ಗೀರು, ಜಯಾಳದು ಅಡ್ಡ ಗೀರು. ಹಾಲು, ಗ್ಯಾಸು ಬಂದ ದಿನಗಳನ್ನು ಬರೆಯುವ ಅದೇ ಕ್ಯಾಲೆಂಡರ್.

ಸಿದ್ದಲಿಂಗಪ್ಪನವರು ದೈವಭಕ್ತರು. ಮುಂಜಾನೆ ವಿಭೂತಿ ಧರಿಸಿ ಅಂಗೈ ಮೇಲೆ ಲಿಂಗ ಇಟ್ಟುಕೊಂಡು ಕೂತರೆ ಅರ್ಧ ತಾಸು ಕಣ್ಣು ತೆರೆಯುತ್ತಿರಲಿಲ್ಲ. ಕನ್ನಡ ಸಂಘದಲ್ಲಿ ಮಾತಾಡಲು ನಿಂತರೆ "ಲಿಂಗ ಕಟ್ಟಿದವರಿಗೆ ಸೂತಕ ಇಲ್ಲ" ಅಂತ ಗಟ್ಟಿಯಾಗಿ ಹೇಳುತ್ತಿದ್ದರು. ಒಮ್ಮೆ ಜಯಾ ಹುಡುಗಾಟಕ್ಕೆ ಕೇಳಿದ್ದಳು, "ಹಂಗಾರ ನಮ್ಮನ್ಯಾಕ ಹೊರಗ ಕುಂಡ್ರಸ್ತೀರಿ ಸಾವ್ಕಾರ್ರ? ನಮ್ಮ ಕೊರಳಾಗೂ ಐತಲ್ರೀ?"

"ಅದು ಮನಿ ಧರ್ಮ. ಇದು ಧಂದೆ" ಅಂದಿದ್ದರು ಅವರು. "ಉಣ್ಣಾಕ ಬರಾವರು ನಾಕ ಥರದ ಮಂದಿ. ಅವರ ಮನಸಿಗೆ ಸರಿ ಬರಬೇಕಲ್ಲ."

ಎರಡು ಸಾವಿರದ ಮೂರರ ದೀಪಾವಳಿ ಕಳೆದ ಮೇಲೆ ಫಕೀರವ್ವನ ನಾಲ್ಕು ದಿನ ಏಳಾದವು. ಏಳು ಹನ್ನೆರಡಾದವು. ಹೆಪ್ಪು ಹೆಪ್ಪಾಗಿ ಬೀಳುತ್ತಿತ್ತು. ನಾದುವಾಗ ಕಣ್ಣು ಕತ್ತಲೆ ಬರುತ್ತಿತ್ತು. ಅವಳು ಹೇಳಲಿಲ್ಲ. ಹೇಳಿದರೆ ಅರ್ಧ ತಿಂಗಳು ಬಾಲ್ಕನಿ. ಐದನೆಯ ದಿನಕ್ಕೆ ತಲೆಗೆ ನೀರು ಹಾಕಿಕೊಂಡು ಒಳಗೆ ಬರುತ್ತಿದ್ದಳು. ಹಳೆಯ ಸೀರೆಯನ್ನು ಎಂಟು ಮಡಿಕೆ ಮಾಡಿ ಕಟ್ಟಿಕೊಂಡು ಒಲೆಯ ಮುಂದೆ ಕೂರುತ್ತಿದ್ದಳು. ಮೂರು ತಿಂಗಳು ಹೀಗೇ ನಡೆಯಿತು. ಎರಡು ಸಲ ಕೂತ ಮಣೆಗೆ ಕಲೆಯಾಯಿತು. ಜಯಾ ಸದ್ದಿಲ್ಲದೆ ತೊಳೆದಿಟ್ಟಳು.

ಮೂರನೆಯ ಸಲ ಸುಭದ್ರಕ್ಕ ನೋಡಿದಳು.

"ಏನಿದು?"

ಫಕೀರವ್ವನ ಕೈ ಹಿಟ್ಟಿನಲ್ಲಿತ್ತು. ಎದ್ದು ನಿಂತಳು. ನಿಂತಾಗ ಕಾಲಿನ ಮೇಲೆ ಇಳಿಯಿತು.

"ಎಷ್ಟ ದಿವಸ ಆತಲೇ ಹಿಂಗ ಕುಂತು? ಮಂದಿಗೆ ಏನ ತಿನ್ಸೀದಿ? ಹೊರಗ ನಡಿ! ಕಲ್ಲ ಮುಟ್ಟಬ್ಯಾಡ!"

ನಾದಿದ ಹಿಟ್ಟೆಲ್ಲ ಕಸದ ಡಬ್ಬಿಗೆ ಹೋಯಿತು. ಕಲ್ಲಿಗೆ ಅರಿಶಿನದ ನೀರು ಬಿತ್ತು. ಹೆಂಚಿಗೆ ಬಿತ್ತು. ಫಕೀರವ್ವ ಬಾಲ್ಕನಿಯಲ್ಲಿ ನಿಂತು ನೋಡಿದಳು. ಅವಳ ಮೈಯಿಂದ ರಕ್ತ ಹೋಗುತ್ತಿತ್ತು. ಅವರು ಕಲ್ಲು ತೊಳೆಯುತ್ತಿದ್ದರು.

ಎರಡು ದಿನದ ಮೇಲೆ ಸುಭದ್ರಕ್ಕನೇ ಅವಳನ್ನು ಆಟೋದಲ್ಲಿ ನವರಂಗಪುರಕ್ಕೆ ಕರೆದುಕೊಂಡು ಹೋದಳು. ಪರಿಚಯದ ಹೆಂಗಸು ಡಾಕ್ಟರು, ಅಲ್ಲಿಯವರ ಬಾಯಲ್ಲಿ 'ಡಾಕ್ಟರ್ ಬೆನ್', ಸ್ವಂತದ ನರ್ಸಿಂಗ್ ಹೋಮು. ಹೊಟ್ಟೆಗೆ ತಣ್ಣನೆಯ ಲೋಳೆ ಹಚ್ಚಿದರು. ಟೀವಿಯಂಥದರಲ್ಲಿ ನೋಡಿದರು. ಡಾಕ್ಟರು ಸುಭದ್ರಕ್ಕನ ಜೊತೆ ಗುಜರಾತಿಯಲ್ಲಿ ಮಾತಾಡಿದರು. ಸುಭದ್ರಕ್ಕ ಪರ್ಸಿನಿಂದ ಕ್ಯಾಲೆಂಡರಿನ ಹಾಳೆ ತೆಗೆದು ಗೀರುಗಳನ್ನು ತೋರಿಸಿದಳು. ಇಬ್ಬರೂ ತಲೆ ಆಡಿಸಿದರು. ಮೇಜಿನ ಮೇಲೆ ಸೀರೆ ಎತ್ತಿಕೊಂಡು ಮಲಗಿದ್ದವಳ ಕಡೆ ಯಾರೂ ತಿರುಗಲಿಲ್ಲ. ಒಂದು ಎಮ್ಮೆಯನ್ನು ತೋರಿಸಲು ತಂದವರು ಕೂಡ ಎಮ್ಮೆಯ ಬೆನ್ನ ಮೇಲೆ ಕೈ ಇಟ್ಟಿರುತ್ತಾರೆ.

ಬರುವಾಗ ಆಟೋದಲ್ಲಿ ಸುಭದ್ರಕ್ಕ ಹೇಳಿದಳು. "ಗರ್ಭಚೀಲದಾಗ ಗಡ್ಡಿ ಐತಂತ. ಚೀಲ ತಗಸಬೇಕಂತ."

"ಬ್ಯಾರೆ ಏನೂ ಇಲ್ಲೇನ್ರಿ ಅಕ್ಕಾರ? ಗುಳಿಗಿ, ಸೂಜಿ?"

"ಬ್ಯಾರೆ ಏನಿರತೈತಿ? ನೀ ಡಾಕ್ಟರೇನು? ತಗಸಿಬಿಟ್ರ ಮೂವತ್ತೂ ದಿನ ಚೊಕ್ಕ. ಹೊರಗ ಕುಂಡ್ರೂದಿಲ್ಲ, ಕೂಲಿ ಮುರಿಯೂದಿಲ್ಲ. ನಿನಗೂ ಚೊಲೋ, ನಮಗೂ ಚೊಲೋ. ಖರ್ಚು ನಾವ ನೋಡ್ಕೋತೀವಿ."

ಖರ್ಚು ನೋಡಿಕೊಳ್ಳುವವರ ಮುಂದೆ ಎರಡನೆಯ ಪ್ರಶ್ನೆ ಕೇಳಲು ಬರುವುದಿಲ್ಲ.

ಸಿದ್ದಲಿಂಗಪ್ಪನವರು ಹಜೀರಾಕ್ಕೆ ಫೋನು ಮಾಡಿದರು. ಗಣಪತಿ ಭಾನುವಾರ ಬಂದ. ಗುಜರಾತಿಯಲ್ಲಿದ್ದ ಕಾಗದಕ್ಕೆ ಸಹಿ ಹಾಕಿದ. ಅವನಿಗೆ ಗುಜರಾತಿ ಓದಲು ಬರುವುದಿಲ್ಲ. ಜಯಾ ಬಡಿದ ರೊಟ್ಟಿ ನಾಲ್ಕು ತಿಂದ.

"ನನ್ನ ಒಂದ ಮಾತು ಕೇಳಲಿಲ್ಲಲ್ಲ ನೀ" ಅಂದಳು ಫಕೀರವ್ವ.

"ನಿನ್ನೇನ ಕೇಳೂದು? ದೊಡ್ಡವರು ಹೇಳ್ಯಾರ. ಮಗಳ ಲಗ್ನ ಆಗೇತಿ. ಇನ್ನ ಆ ಚೀಲ ಇಟಗೊಂಡು ಜೋಳ ತುಂಬ್ತೀಯೇನು?" ಅವನು ನಕ್ಕ. ನಕ್ಕು ಬಸ್ಸಿಗೆ ಹೋದ.

ಡಾಕ್ಟರು ಒಪ್ಪಿದ್ದರು. ಸಾವ್ಕಾರರು ಒಪ್ಪಿದ್ದರು. ಅಕ್ಕಾರು ಒಪ್ಪಿದ್ದರು. ಗಂಡ ಸಹಿ ಮಾಡಿದ್ದ. ಹೊಟ್ಟೆ ಮಾತ್ರ ಫಕೀರವ್ವನದಾಗಿತ್ತು.

ಅವಳಿಗೆ ಸಾವಿನ ಹೆದರಿಕೆ ಇರಲಿಲ್ಲ. ಅವಳಿಗೆ ಅಕ್ಕನ ಹೆದರಿಕೆ ಇತ್ತು. ಒಡಹುಟ್ಟಿದ ಅಕ್ಕ, ಊರಲ್ಲಿದ್ದಾಳೆ. ಬಿಳಿಸೆರಗು ಹೋಗುತ್ತದೆ ಅಂತ ಪೇಟೆಯ ಆಸ್ಪತ್ರೆಗೆ ಹೋದವಳಿಗೆ ಮೂವತ್ತೆರಡಕ್ಕೇ ಚೀಲ ತೆಗೆದರು. ಚೀಲದ ಎಡಬಲಕ್ಕಿರುವ ಅಂಡಾಶಯಗಳನ್ನೂ ತೆಗೆದರು. ತೆಗೆದದ್ದು ಅವಳಿಗೆ ಗೊತ್ತಾದದ್ದು ಎರಡು ವರ್ಷದ ಮೇಲೆ, ಬೇರೆ ಡಾಕ್ಟರು ಚೀಟಿ ಓದಿದಾಗ. ಅಷ್ಟರಲ್ಲಿ ಮೈಯಲ್ಲಿ ಬೆಂಕಿ ಹತ್ತಿ ಇಳಿಯುತ್ತಿತ್ತು, ಎಲುಬು ಕರಗಿದ್ದವು. ಈಗ ಅಕ್ಕ ಒಂದು ಕೊಡ ನೀರು ಎತ್ತಲಾರಳು. ಅರವತ್ತರ ಮುದುಕಿಯಂತೆ ಗೋಡೆ ಹಿಡಿದು ನಡೆಯುತ್ತಾಳೆ. ಅವಳಿಗೆ ನಲವತ್ತೊಂದು. ಫಕೀರವ್ವನ ಹತ್ತಿರ ಹೊಲ ಇಲ್ಲ, ಓದು ಇಲ್ಲ. ಎರಡು ಹೆಗಲು, ಒಂದು ಸೊಂಟ ಇದ್ದವು. ಅವೂ ಹೋದರೆ ಏನು ಬಡಿಯುವುದು?

ಬಾಲ್ಕನಿಯಲ್ಲಿ ಅವಳು ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಕೂತಳು. ಹೊರಗಾದ ದಿನವೂ ಪೂಜೆ ಬಿಟ್ಟವಳಲ್ಲ. ಲಿಂಗ ಎಂದೂ ಅವಳ ಅಂಗೈಯಿಂದ ಸರಿದು ಕೂತಿರಲಿಲ್ಲ. "ಯಪ್ಪಾ, ಮೈ ನೀ ಕೊಟ್ಟಿದ್ದು. ಇವರು ಯಾರೋ ಹಂಚಿಕೊಳ್ಳಾಕ ಹತ್ಯಾರ" ಅಂದಳು. ಬೇಡಿಕೊಳ್ಳಲಿಲ್ಲ. ತಿಳಿಸಿದಳು ಅಷ್ಟೆ.

ಆಪರೇಶನ್ನಿಗೆ ಹತ್ತು ದಿನ ಇತ್ತು. ಆಗ ಚಿನ್ಮಯಿ ಬಂದಳು. ಸಿದ್ದಲಿಂಗಪ್ಪನವರ ಮಗಳು, ಅಹಮದಾಬಾದಿನಲ್ಲೇ ಬೆಳೆದವಳು, ವಡೋದರಾಕ್ಕೆ ಕೊಟ್ಟಿದ್ದರು. ಏಳು ತಿಂಗಳ ಬಸುರಿ. ಹೆರಿಗೆಗೆ ತವರು.

ಫಕೀರವ್ವನ ರಕ್ತ ಆ ವಾರ ನಿಂತಿತ್ತು. ಬಸುರಿಗೆ ಎಣ್ಣೆ ಹಚ್ಚುವ ಕೆಲಸ ಅವಳಿಗೇ ಬಂತು. ಬೆನ್ನು ತಿಕ್ಕಿ, ಕಾಲು ತಿಕ್ಕಿ, ಹೊಟ್ಟೆಗೆ ಮೆಲ್ಲಗೆ ಕೈ ಸವರುವಾಗ ಅವಳ ಬೆರಳು ನಿಂತಿತು. ಹೊಕ್ಕುಳ ಹತ್ತಿರ ಒಂದು, ಎಡಕ್ಕೊಂದು, ಬಲಕ್ಕೊಂದು. ಕಡಲೆ ಕಾಳಿನಷ್ಟು ಗಾಯದ ಗುರುತು.

"ಇದೇನವ್ವಾ? ಯಾರ ಚುಚ್ಚ್ಯಾರ?"

ಚಿನ್ಮಯಿ ನಕ್ಕಳು. ಅವಳ ಕನ್ನಡ ಮೂರು ಭಾಷೆಯದು. "ಅರೇ ಮಾಸಿ, ಅದು ಓಲ್ಡ್ ಸ್ಟೋರಿ. ಮದುವೆ ಮುಂಚೆ ನಂಗೆ ಗಾಂಠ್ ಇತ್ತು. ಗಡ್ಡೆ, ಗಡ್ಡೆ. ಯುಟೆರಸ್‌ನಲ್ಲಿ. ಬಹುತ್ ಬ್ಲೀಡಿಂಗ್. ಸಣ್ಣ ತೂತು ಮಾಡಿ ದುರ್ಬೀನ್ ಹಾಕಿ ತೆಗೆದ್ರು. ಮಮ್ಮಿ ಎಲ್ಲಾರ್ಗೂ ಅಪೆಂಡಿಕ್ಸ್ ಅಂತ ಹೇಳಿದ್ರು."

ಫಕೀರವ್ವನ ಕೈಯಿಂದ ಎಣ್ಣೆ ತೊಟ್ಟಿಕ್ಕಿತು. ಮೂರು ವರ್ಷದ ಹಿಂದೆ ಆ ಅಪೆಂಡಿಕ್ಸಿಗೆ ಗಂಜಿ ಮಾಡಿ ಡಬ್ಬಿ ಕಳಿಸಿದವಳು ಅವಳೇ.

"ಮತ್ತ ಚೀಲ?"

"ಯಾವ ಚೀಲ?"

"ಗರ್ಭಚೀಲ. ಅದನ್ನ ತಗೀಲಿಲ್ಲೇನು?"

"ಹಾಯ್ ಹಾಯ್! ಅದು ತೆಗೆದ್ರೆ ಇವನು ಎಲ್ಲಿ ಇರ್ತಿದ್ದ?" ಚಿನ್ಮಯಿ ಹೊಟ್ಟೆ ತಟ್ಟಿದಳು. "ಗಡ್ಡೆ ಮಾತ್ರ ತೆಗೆದ್ರು. ಡಾಕ್ಟರ್ ಆಂಟಿ ಕಾಗದದ ಮೇಲೆ ಚಿತ್ರ ಹಾಕಿ ಎಲ್ಲಾ ಹೇಳಿದ್ರು. ಸಣ್ಣದಿದ್ರೆ, ತೊಂದರೆ ಇಲ್ಲಾಂದ್ರೆ ಹಾಗೇ ಬಿಡೋದು. ಮುಟ್ಟು ನಿಲ್ಲೋ ವಯಸ್ಸಿಗೆ ಅದೇ ಕುಗ್ಗತ್ತೆ. ಇಲ್ಲಾಂದ್ರೆ ರಕ್ತ ಕಮ್ಮಿ ಮಾಡೋ ಗುಳಿಗೆ, ಇಂಜೆಕ್ಷನ್. ಇಲ್ಲಾಂದ್ರೆ ಗಡ್ಡೆ ಒಂದೇ ತೆಗೆಯೋದು. ಬಾಂಬೇಲಿ ಇನ್ನೊಂದು ಹೊಸದು ಬಂದಿದೆಯಂತೆ, ತೊಡೆಯಿಂದ ಸಣ್ಣ ನಳಿಗೆ ಬಿಟ್ಟು ಗಡ್ಡೆಗೆ ಹೋಗೋ ರಕ್ತಾನೇ ನಿಲ್ಲಿಸ್ತಾರೆ. ಯಾವುದೂ ಆಗ್ಲಿಲ್ಲಾಂದ್ರೆ ಆಮೇಲೆ ಪೂರ್ತಿ ತೆಗೆಯೋದು. ಅದು ಕೊನೇದು."

"ಯಾವ ಡಾಕ್ಟರು?"

"ನಮ್ಮ ನವರಂಗಪುರದವರೇ. ಯಾಕೆ?"

ಫಕೀರವ್ವ ಹೇಳಿದಳು. ಅದೇ ಡಾಕ್ಟರು, ಅದೇ ಗಡ್ಡೆ, ಇನ್ನು ಹತ್ತು ದಿನ.

ಚಿನ್ಮಯಿ ಎದ್ದು ಕೂತಳು. "ನೀವು ಕೇಳಲಿಲ್ವಾ ಮಾಸಿ? ಬೇರೆ ಏನಿದೆ ಅಂತ?"

"ಕೇಳಾಕ ಏನರ ಐತಿ ಅಂತನ ನನಗ ಗೊತ್ತಿರಲಿಲ್ಲವ್ವ."

ಚಿನ್ಮಯಿ ಆ ದಿನವೇ ತಾಯಿಯ ಜೊತೆ ಮಾತಾಡಿದಳು. ಮಾತು ಜಗಳವಾಯಿತು. ಅಡುಗೆಮನೆಗೆ ಕೇಳುವಷ್ಟು ಗಟ್ಟಿಯಾಗಿ ಸುಭದ್ರಕ್ಕ ಅಂದಳು, "ನೀ ಲಗ್ನ ಆಗೋ ಹುಡುಗಿ ಇದ್ದಿ. ಅಕೀಗೂ ನಿನಗೂ ಜೋಡೇನು? ಗುಳಿಗಿ ನುಂಗಿಕೋತ ವರ್ಷಗಟ್ಟಲೆ ಕುಂತ್ರ ಒಲಿ ಯಾರ ನೋಡ್ತಾರ, ನೀ ನೋಡ್ತೀಯಾ?" ಮಗಳು ಎರಡು ದಿನ ಊಟದ ಮೇಲೆ ಸಿಟ್ಟು ಮಾಡಿದಳು. ಮೂರನೆಯ ದಿನ ಹೊಟ್ಟೆಯ ಕೂಸಿಗಾಗಿ ಉಂಡಳು. ಅವಳಿಂದ ಅಷ್ಟೇ ಆದದ್ದು. ಅವಳ ತಪ್ಪೆಂದು ಫಕೀರವ್ವ ಅನ್ನಲಿಲ್ಲ. ಆದರೆ ಬೇರೆಯವರ ಸಿಟ್ಟಿನಿಂದ ತನ್ನ ಹೊಟ್ಟೆ ಉಳಿಯುವುದಿಲ್ಲ ಅಂತ ಅವಳಿಗೆ ತಿಳಿಯಿತು.

ಆಪರೇಶನ್ನಿಗೆ ಗೊತ್ತುಮಾಡಿದ ದಿನ ಅವಳು ನವರಂಗಪುರಕ್ಕೆ ಹೋದಳು. ರಕ್ತ ಮತ್ತೆ ಶುರುವಾಗಿತ್ತು. ಹಸಿರು ಗೌನು ಕೊಟ್ಟರು. ತೊಟ್ಟಳು. ಕೊರಳಿನ ಲಿಂಗ ಬಿಚ್ಚಿಡು ಅಂದಳು ನರ್ಸು. ಫಕೀರವ್ವ ಮುಷ್ಟಿಯಲ್ಲಿ ಹಿಡಿದುಕೊಂಡಳು. ಇನ್ನೊಂದು ಕಾಗದ ಬಂತು. ಅದಕ್ಕೆ ಅವಳದೇ ಹೆಬ್ಬೆಟ್ಟು ಬೇಕಾಗಿತ್ತು. ನರ್ಸು ಅವಳ ಹೆಬ್ಬೆರಳು ಹಿಡಿದು ಮಸಿಗೆ ಒತ್ತಿದಳು.

ಫಕೀರವ್ವ ಬೆರಳು ಮಡಚಿದಳು.

"ಪಹಲೇ ಡಾಕ್ಟರ್ ಕೋ ಬುಲಾವ್" ಅಂದಳು.

ಡಾಕ್ಟರ್ ಬೆನ್ ಬಂದರು. ಹಿಂದೆ ಸುಭದ್ರಕ್ಕ, ಸಿದ್ದಲಿಂಗಪ್ಪ.

ಫಕೀರವ್ವನ ಹಿಂದಿ ಮಾರ್ಕೆಟ್ಟಿನದು. ಚಿನ್ಮಯಿಗೆ ಐದು ದಾರಿ, ತನಗೆ ಒಂದೇ ಯಾಕೆ ಅಂತ ಅದರಲ್ಲೇ ಕೇಳಿದಳು. "ಚಿನ್ಮಯಿ ಕೋ ಪಾಂಚ್ ರಾಸ್ತಾ ಬೋಲಾ. ಮೇರೆ ಕೋ ಏಕ್. ಕ್ಯೋಂ?"

ಡಾಕ್ಟರು ಸುಭದ್ರಕ್ಕನ ಮುಖ ನೋಡಿದರು.

"ಉಧರ್ ನಹೀಂ. ಇಧರ್ ದೇಖೋ" ಅಂದಳು ಫಕೀರವ್ವ, ಹೊಟ್ಟೆಯ ಮೇಲೆ ಕೈಯಿಟ್ಟು. "ಪೇಟ್ ಮೇರಾ ಹೈ."

ಡಾಕ್ಟರು ಕೆಟ್ಟವರಂತೆ ಮಾತಾಡಲಿಲ್ಲ. ಸಮಾಧಾನವಾಗಿಯೇ ಹೇಳಿದರು. ನಿಮ್ಮಂಥವರು ಗುಳಿಗೆ ಅರ್ಧಕ್ಕೆ ಬಿಡುತ್ತೀರಿ. ಮತ್ತೆ ತೋರಿಸಲು ಬರುವುದಿಲ್ಲ. ಗಡ್ಡೆ ಮತ್ತೆ ಬೆಳೆದರೆ ಯಾರು ನೋಡುವವರು? ಒಂದೇ ಸಲ ಮುಗಿದರೆ ನಿಮಗೇ ಅನುಕೂಲ. ಹೇಳಿದರೂ ನಿಮಗೆ ಅರ್ಥವಾಗುವುದಿಲ್ಲ.

"ಬೋಲಾ ಕ್ಯಾ?" ಅಂದಳು ಫಕೀರವ್ವ. "ಏಕ್ ಬಾರ್ ಬೋಲಾ ಕ್ಯಾ? ಬೋಲೇ ಬಿನಾ ಕೈಸೇ ಮಾಲೂಮ್, ಸಮಝೇಗಾ ನಹೀಂ?" ಹೇಳಿಯೇ ಇಲ್ಲ, ಅರ್ಥವಾಗುವುದಿಲ್ಲ ಅಂತ ಹೇಗೆ ಗೊತ್ತಾಯಿತು ಅನ್ನುವುದು ಅವಳ ಪ್ರಶ್ನೆ.

ಸುಭದ್ರಕ್ಕ ನಡುವೆ ಬಂದಳು. "ಏ ಫಕೀರವ್ವ, ಮಾನ ಕಳೀಬ್ಯಾಡ. ನಿನ್ನ ಚೊಲೋದಕ್ಕನ ಮಾಡಾಕ ಹತ್ತೀವಿ. ಮನಿ ಮಗಳಂಗ ನೋಡ್ಕೊಂಡೀವಿ."

ಫಕೀರವ್ವ ಅವಳ ಕಡೆ ತಿರುಗಿದಳು. ಖಾನಾವಳಿಗೆ ಬಂದ ಆರು ವರ್ಷದಲ್ಲಿ ಮೊದಲ ಸಲ ಮುಖಕ್ಕೆ ಮುಖ ಕೊಟ್ಟು ಮಾತಾಡಿದಳು.

"ಮನಿ ಮಗಳಿಗೆ ಗಡ್ಡಿ ತಗಸೀರಿ. ನನಗ ಚೀಲ ತಗಸ್ತೀರಿ. ನನ್ನ ಬ್ಯಾನಿ ಕಡಿಮಿ ಆಗಲಿ ಅಂತಲ್ರೀ ಅಕ್ಕಾರ, ನಿಮ್ಮ ಕ್ಯಾಲೆಂಡರಿನ್ಯಾಗ ಗೀರು ಕಡಿಮಿ ಆಗಲಿ ಅಂತ. ಒಲಿ ಮುಂದ ಕುಂಡ್ರಾಕ ಅಡ್ಡ ಬಂತು ಅಂತ ನನ್ನ ಮೈ ಕೊಯ್ಯಸ್ತೀರಿ. ನಾಳೆ ಉಚ್ಚಿಗೆ ಎದ್ದು ಹೋಗತೀನಿ ಅಂದ್ರ ಅದನ್ನೂ ಹೊಲಸ್ತೀರೇನು?"

ಸಿದ್ದಲಿಂಗಪ್ಪನವರು "ಶಿವ ಶಿವ" ಅಂದರು.

"ಶಿವನ್ನ ಕರೀಬ್ಯಾಡ್ರಿ ಸಾವ್ಕಾರ್ರ. ಅವಾ ನನ್ನ ಮುಷ್ಟಿಯೊಳಗ ಅದಾನ."

ಅವಳು ಗೌನು ಬಿಚ್ಚಿದಳು. ಎಲ್ಲರ ಎದುರಿಗೇ ಬಿಚ್ಚಿದಳು. ಸಿದ್ದಲಿಂಗಪ್ಪನವರು ಬಾಗಿಲ ಕಡೆ ತಿರುಗಿ ನಿಂತರು. ಸೀರೆ ಸುತ್ತಿಕೊಂಡಳು. ಗೌನಿನ ಹಿಂದೆ ರಕ್ತದ ಕಲೆ ಇತ್ತು, ಅದನ್ನು ಮುಚ್ಚದೆ ಮೇಜಿನ ಮೇಲೆ ಹಾಸಿದಳು. "ಮೇರಾ ಫೋಟೋ ದೇವ್. ಪೇಟ್ ಕಾ" ಅಂದಳು. ಸ್ಕ್ಯಾನಿನ ಫೋಟೋ ಫೈಲಿನಲ್ಲಿರಬೇಕು, ಕೊಡಲು ಬರುವುದಿಲ್ಲ ಅಂದಳು ನರ್ಸು. ಫಕೀರವ್ವ ಅಲ್ಲಿಯೇ ನೆಲದ ಮೇಲೆ ಕೂತಳು. ಹೊರಗೆ ಬೇರೆ ಪೇಶಂಟುಗಳು ಇಣುಕತೊಡಗಿದರು. ಒಂದು ತಾಸಿನ ಮೇಲೆ ಫೋಟೋ ಬಂತು.

ಅಲ್ಲಿಂದ ಅವಳು ದೊಡ್ಡ ಸರ್ಕಾರಿ ಆಸ್ಪತ್ರೆಗೆ ಹೋದಳು. ಆ ದಿನ ಸಾಲು ಮುಗಿಯಲಿಲ್ಲ. ವರಾಂಡದಲ್ಲಿ ಮಲಗಿದಳು. ಮರುದಿನ ಒಬ್ಬ ಹರೆಯದ ಡಾಕ್ಟರಮ್ಮ ಸಿಕ್ಕಳು. ಕಣ್ಣ ಕೆಳಗೆ ಕಪ್ಪು, ಮುಂದೆ ಎಂಬತ್ತು ಹೆಂಗಸರು. ಫಕೀರವ್ವ ಫೋಟೋ ಇಟ್ಟು, ಒಂದೂ ಬಿಡದೆ ಎಲ್ಲ ದಾರಿ ಹೇಳಿ ಅಂತ ಕೇಳಿದಳು, "ಸಬ್ ರಾಸ್ತಾ ಬೋಲೋ. ಏಕ್ ಭೀ ಛೋಡ್ನಾ ನಹೀಂ."

ಡಾಕ್ಟರಮ್ಮ ತಲೆ ಎತ್ತಿದಳು. ಮೊದಲು ರೇಗಿದಳು. ಆಮೇಲೆ ಪೆನ್ನು ಕೆಳಗಿಟ್ಟು ಹೇಳಿದಳು. ರಕ್ತ ಬಹಳ ಇಳಿದಿದೆ. ಮೊದಲು ಕಬ್ಬಿಣದ ಗುಳಿಗೆ, ಮುಟ್ಟಿನ ದಿನಗಳಿಗೆ ರಕ್ತ ಕಡಿಮೆ ಮಾಡುವ ಗುಳಿಗೆ. ಮೂರು ತಿಂಗಳ ಮೇಲೆ ನೋಡುವುದು. ಆಗಲೂ ನಿಲ್ಲದಿದ್ದರೆ ಗಡ್ಡೆ ಮಾತ್ರ ತೆಗೆಯಬಹುದು. ಗಡ್ಡೆ ಮತ್ತೆ ಬರಬಹುದು. ತೆರೆದ ಮೇಲೆ ರಕ್ತ ತಡೆಯದಿದ್ದರೆ ಚೀಲವನ್ನೇ ತೆಗೆಯಬೇಕಾಗಿ ಬರಲೂಬಹುದು. ತೆಗೆದರೂ ಅಂಡಾಶಯಗಳನ್ನು ಉಳಿಸಬಹುದು.

ಕೆಟ್ಟದ್ದನ್ನೂ ಹೇಳಿದಳು. ಫಕೀರವ್ವ ಎಲ್ಲ ಕೇಳಿದಳು. ಎಲ್ಲ ಅರ್ಥವಾಯಿತು. ಅರ್ಥವಾಗಲು ಆರು ನಿಮಿಷ ಹಿಡಿಯಿತು. ಆರು ನಿಮಿಷ! ಅಷ್ಟನ್ನು ಉಳಿಸಲು ಅವರು ಅವಳ ಹೊಟ್ಟೆ ಕೊಯ್ಯಲು ಹೊರಟಿದ್ದರು.

"ಗುಳಿಗಿ ಕೊಡ್ರಿ" ಅಂದಳು ಕನ್ನಡದಲ್ಲೇ. ಡಾಕ್ಟರಮ್ಮನಿಗೆ ತಿಳಿಯಿತು.

ಮರುದಿನ ಮಧ್ಯಾಹ್ನ ಟ್ರಂಕು ತೆಗೆದುಕೊಂಡು ಹೋಗಲು ಖಾನಾವಳಿಗೆ ಬಂದಳು. ಜಯಾ ಹೊರಗಾಗಿ ಬಾಲ್ಕನಿಯಲ್ಲಿದ್ದಳು. ಎರಡೂ ಒಲೆ ತಣ್ಣಗಿದ್ದವು. ಹಾಲಿನಲ್ಲಿ ಮೂವತ್ತು ಜನ ಎಣಗಾಯಿಗೆ ಅಂಗಡಿಯ ಪಾವ್ ಅದ್ದಿಕೊಂಡು ಗೊಣಗುತ್ತಿದ್ದರು. ಸುಭದ್ರಕ್ಕನ ಕೈಯಲ್ಲಿ ಹರಿದ ರೊಟ್ಟಿ ಇತ್ತು. ಬಡಿಯಲು ಹೋಗಿ ಸೋತಿದ್ದಳು. ಫಕೀರವ್ವನನ್ನು ಕಂಡು ಹತ್ತಿರ ಬಂದು ದನಿ ತಗ್ಗಿಸಿದಳು.

"ಆಗಿದ್ದಾತು. ಕುಂಡ್ರು. ಯಾರಿಗೂ ಹೇಳಬ್ಯಾಡ, ನಾನೂ ಹೇಳೂದಿಲ್ಲ. ಯಾರಿಗೆ ಗೊತ್ತಾಗತೈತಿ?"

ಫಕೀರವ್ವ ಅವಳನ್ನು ನೋಡಿದಳು. ಎರಡು ದಿನದ ಹಿಂದೆ ಇದೇ ರಕ್ತಕ್ಕೆ ಚೀಲವನ್ನೇ ಕೇಳಿದ್ದರು. ಇಂದು ಒಲೆ ತಣ್ಣಗಾಗಿದೆ, ರಕ್ತಕ್ಕೆ ಮೈಲಿಗೆ ಇಲ್ಲ.

ಅವಳು ಹಾಲಿನ ಬಾಗಿಲಿಗೆ ಹೋಗಿ ನಿಂತಳು. ಉಣ್ಣುವವರು ಅವಳನ್ನು ಮೊದಲ ಸಲ ನೋಡಿದರು.

"ನಾನು ಫಕೀರವ್ವ. ಆರು ವರ್ಷ ನೀವು ತಿಂದ ರೊಟ್ಟಿ ನಂದು, ಜಯಾಂದು. ಮೂರು ತಿಂಗಳು ಹೊರಗಾಗಿದ್ದಾಗೂ ಬಡದೀನಿ. ನೀವು ತಿಂದೀರಿ, ಯಾರೂ ಸತ್ತಿಲ್ಲ. ಈಗೂ ಹೊರಗ ಅದೀನಿ. ಹಿಂಗಿದ್ದಾಗ ಬಡದ ರೊಟ್ಟಿ ಬೇಕಂದಾವರು ಬಾಯಿಬಿಟ್ಟು ಕೇಳ್ರಿ, ಬಡೀತೀನಿ."

ಸಿದ್ದಲಿಂಗಪ್ಪನವರು ಎದ್ದು ನಿಂತರು. ಗುರುಕಿರಣ್ ಎಂಬ ಇಂಜಿನಿಯರ್ ಹುಡುಗ ಬಾಯಿ ತೆರೆದ. ಸಾವ್ಕಾರರ ಮುಖ ನೋಡಿದ. ಬಾಯಿ ಮುಚ್ಚಿ ಪಾವ್ ಅದ್ದಿಕೊಂಡ. ಇಬ್ಬರು ತಟ್ಟೆ ಬಿಟ್ಟು ಕೈ ತೊಳೆಯಲು ಎದ್ದರು. ಉಳಿದವರು ತಲೆ ತಗ್ಗಿಸಿದರು. ಯಾರೂ ಕೇಳಲಿಲ್ಲ.

ಫಕೀರವ್ವ ಟ್ರಂಕಿನ ಕಡೆ ತಿರುಗಿದಳು.

"ಅಕ್ಕಾ" ಅಂತ ಬಾಲ್ಕನಿಯಿಂದ ದನಿ ಬಂತು. ಜಯಾ ಗೋಣಿಚೀಲ ಬಿಟ್ಟು ಎದ್ದಿದ್ದಳು. ಅಡುಗೆಮನೆಯ ಹೊಸ್ತಿಲ ಮೇಲೆ ಕಾಲಿಟ್ಟಿದ್ದಳು. "ಅವರು ಸಾಯಲಿ. ನನಗ ಎರಡು ಬಡೀಯೇ ಯವ್ವಾ. ಮುಂಜಾನಿಂದ ಆ ಸುಡಗಾಡ ಪಾವ್ ತಿಂದು ಹೊಟ್ಟಿ ಉಬ್ಬೇತಿ."

ಸುಭದ್ರಕ್ಕ ಒಲೆಗೆ ಅಡ್ಡ ನಿಂತಳು. "ಎಲ್ಲಾರಿಗೂ ಗೊತ್ತಾದ ಮ್ಯಾಲೆ ಮುಟ್ಟಿದ್ರ ನೋಡ್ರಿ ಮತ್ತ!"

"ಆ ಕಡೆ ಸರೀರಿ ಅಕ್ಕಾರ" ಅಂದಳು ಜಯಾ. "ಎಸರು ಇಡಾಕೈತಿ, ಚೆಲ್ಲಿದ್ರ ಕೈ ಸುಟ್ಟೀತು."

ಫಕೀರವ್ವ ಸುಭದ್ರಕ್ಕನ ಪಕ್ಕದಿಂದ ಕೈ ಚಾಚಿ ಗ್ಯಾಸು ಹಚ್ಚಿದಳು. ಎಸರು ಕುದಿಯಿತು. ಹಿಟ್ಟು ಸುರಿದು ಕೈ ಸುಡುತ್ತಿರುವಾಗಲೇ ನಾದಿದಳು. ಕಲ್ಲಿನ ಮೇಲೆ ಮೊದಲ ರೊಟ್ಟಿ ಬಿತ್ತು. ಹಾಲಿನವರೆಗೂ ಆ ಸದ್ದು ಕೇಳಿತು. ಅಲ್ಲಿ ಪಾವ್ ಹರಿಯುವ ಕೈಗಳು ನಿಂತವು.

ಹೆಂಚಿನ ಮೇಲೆ ರೊಟ್ಟಿ ಉಬ್ಬಿತು. ಇಬ್ಬರೂ ಒಲೆಯ ಮುಂದೆಯೇ ಚಕ್ಕಳಮಕ್ಕಳ ಹಾಕಿ ಕೂತು, ಖಾರ ಹಚ್ಚಿಕೊಂಡು ತಿಂದರು.